ಸೌತೆಕ್ಕನ ಕೌಂಟರು, ಕ್ರೇನಣ್ಣನ ತೂಕ

ಬೆಳಗಿನ ಐದೂಕಾಲು. ಬಂದರಿನ ಕ್ಯಾಂಟೀನಿನ ಹಿಂಬಾಗಿಲಲ್ಲಿ ಒಂದೇ ಒಂದು ಟ್ಯೂಬ್‌ಲೈಟು ಉರಿಯುತ್ತಿದೆ. ಅದರ ಕೆಳಗೆ ಅಗಲ ಮೈಕಟ್ಟಿನ ಹೆಂಗಸೊಬ್ಬರು ಮುಕ್ಕಾಲಿಯ ಮೇಲೆ ಕೂತಿದ್ದಾರೆ. ಸೌತೆಕಾಯಿಯ ತುದಿ ಕತ್ತರಿಸುತ್ತಾರೆ, ಆ ತುಂಡಿನಿಂದಲೇ ಕಾಯಿಯ ತಲೆಯನ್ನು ಗರಗರ ಉಜ್ಜಿ ನೊರೆ ತೆಗೆಯುತ್ತಾರೆ, ಆಮೇಲೆ ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಾರೆ. ಕಹಿಯಿಲ್ಲ. ಕಾಯಿ ಬುಟ್ಟಿಗೆ ಬೀಳುತ್ತದೆ, ಕೈ ಮುಂದಿನದಕ್ಕೆ ಹೋಗುತ್ತದೆ. ಹೀಗೆ ದಿನಕ್ಕೆ ನಲವತ್ತು ಕಾಯಿಗಳ ರುಚಿ ನೋಡುವುದು ಇವರ ದಿನಚರಿಯ ಮೊದಲ ಕೆಲಸ.

“ಒಂದು ಕಹಿ ಕಾಯಿ ಬಾಯಿಗೆ ಸಿಕ್ರೆ ಸಾಕು ಸರ್. ಮೂರು ತಿಂಗಳಿಂದ ಹಲ್ಲು ಕಚ್ಕೊಂಡು ಇರೋನು ಸೀದಾ ಪಕ್ಕದ ಕೌಂಟರಿಗೆ ಓಡ್ತಾನೆ. ಆಮೇಲೆ ಹಿಡ್ಕೊಂಡು ಬರೋಕಾಗುತ್ತಾ?” ಎಂದು ನನ್ನನ್ನೇ ಕೇಳುತ್ತಾರೆ.

ಪಕ್ಕದ ಕೌಂಟರಿನಲ್ಲಿ ಸಿಗುವುದು ಕರಿದ ಆಲೂಗಡ್ಡೆ. ಈ ಕೌಂಟರಿನಲ್ಲಿ ಸಿಗುವುದು ಸೌತೆಕಾಯಿ, ಮೂಲಂಗಿ, ಎಲೆಕೋಸಿನ ಸಾರು, ನಿಂಬೆ ನೀರು. ತೂಕ ಇಳಿಸಬೇಕಾದವರಿಗಾಗಿಯೇ ಇರುವ ಈ ಮೂಲೆಯ ಒಡತಿಯ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಬಂದರಿಗೆಲ್ಲ ಅವರು ಸೌತೆಕ್ಕ.

ನನ್ನ ವಿಚಾರವನ್ನು ಮೊದಲೇ ಹೇಳಿಬಿಡುವುದು ವಾಸಿ. ಸೌತೆಕಾಯಿಗೂ ನನಗೂ ಆಗಿಬರುವುದಿಲ್ಲ. ನನ್ನ ಅಂಗಿಯ ನಾಲ್ಕನೇ ಗುಂಡಿ ಎರಡು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟಿದೆ. ಇಂಥವನು ಇಷ್ಟು ಬೆಳಿಗ್ಗೆ ಎದ್ದು ಇಲ್ಲಿಗೆ ಬರಲು ಕಾರಣ, ಇವತ್ತು ಆರೂವರೆಗೆ ಇಲ್ಲೊಂದು ತೂಕ ನಡೆಯಲಿದೆ. ಕ್ರೇನಣ್ಣ ತಕ್ಕಡಿ ಹತ್ತುತ್ತಾನೆ. ಮುಳ್ಳು ನೂರರ ಒಳಗೆ ನಿಂತರೆ ಅವನಿಗೆ ಅವನ ಕ್ರೇನು ವಾಪಸು ಸಿಗುತ್ತದೆ. ದಾಟಿದರೆ ಆ ಜಾಗ ಶಾಶ್ವತವಾಗಿ ಬೇರೆಯವರ ಪಾಲು.

ಕ್ರೇನಣ್ಣ ಅಂದರೆ ಹಡಗಿನಿಂದ ಕಬ್ಬಿಣದ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ಎತ್ತಿ ದಡಕ್ಕಿಡುವ ಹಳೆಯ ಕ್ರೇನಿನ ಚಾಲಕ. ಲಿಫ್ಟು ಇಲ್ಲದ ಕ್ರೇನದು. ಮೇಲಿನ ಕ್ಯಾಬಿನ್ನಿಗೆ ನೂರ ಎಂಬತ್ತೆರಡು ಮೆಟ್ಟಿಲು. ಕೊನೆಯ ಭಾಗ ನೆಟ್ಟಗೆ ನಿಂತ ಏಣಿ, ಅಲ್ಲಿ ಸೊಂಟಕ್ಕೆ ಸುರಕ್ಷತಾ ಬೆಲ್ಟು ಬಿಗಿದೇ ಹತ್ತಬೇಕು. ಆ ಬೆಲ್ಟು ತಡೆಯುವುದು ನೂರು ಕೆಜಿ. ವರ್ಷದ ತಪಾಸಣೆಯಲ್ಲಿ ಕ್ರೇನಣ್ಣ ತೂಗಿದ್ದು ನೂರ ಹನ್ನೊಂದೂವರೆಗೆ ಒಂದು ಚೂರು ಕಮ್ಮಿ. ಅವತ್ತೇ ಅವನನ್ನು ಕೆಳಗಿಳಿಸಿ, ಲಾರಿಗಳ ಚೀಟಿ ನೋಡುವ ಗೇಟಿನ ಕೆಲಸಕ್ಕೆ ಹಾಕಿದರು. ಹದಿಮೂರು ವಾರದ ಗಡುವು ಕೊಟ್ಟರು. ಹತ್ತೊಂಬತ್ತು ವರ್ಷ ಮೇಲೆ ಕೂತ ಮನುಷ್ಯ ಒಂದು ಪ್ಲಾಸ್ಟಿಕ್ ಕುರ್ಚಿಗೆ ಬಂದ.

ಇಷ್ಟಕ್ಕೂ ಅವನ ತೂಕದ ಚಿಂತೆ ಸೌತೆಕ್ಕನಿಗೇಕೆ? ಕೇಳಿದರೆ ಅವರು ಕೈಯಲ್ಲಿದ್ದ ಚಾಕು ಕೆಳಗಿಟ್ಟು ನಗುತ್ತಾರೆ. “ಅಯ್ಯೋ, ಆ ಹನ್ನೊಂದು ಕೆಜಿ ನಾನೇ ಹಾಕಿದ್ದಲ್ವಾ ಸರ್!”

ವಿಷಯ ಹೀಗಿದೆ. ಸೌತೆಕ್ಕ ಇಪ್ಪತ್ತು ವರ್ಷದ ಹಿಂದೆ ಇಲ್ಲಿಗೆ ಪಾತ್ರೆ ತೊಳೆಯಲು ಬಂದವರು. ಇವರ ಯಜಮಾನರು ಆಗ ಹಡಗಿಗೆ ಹಗ್ಗ ಬಿಗಿಯುತ್ತಿದ್ದರು. ಒಮ್ಮೆ ಹಗ್ಗ ಜಾರಿ ಎಡಗೈಯ ಎರಡು ಬೆರಳು ಮಡಚದಂತಾದ ಮೇಲೆ ಅವರನ್ನೂ ಕ್ಯಾಂಟೀನಿಗೆ ಕಳಿಸಿದರು, ಚಹಾ ಮಾಡಲು. ಕರಿಯುವ ಅಡುಗೆಯವನು ಕೆಲಸ ಬಿಟ್ಟ ದಿನ ಸೌತೆಕ್ಕ ಬಾಣಲೆಯ ಮುಂದೆ ನಿಂತರು. ನಿಂತವರು ಹನ್ನೊಂದು ವರ್ಷದಿಂದ ನಿಂತೇ ಇದ್ದಾರೆ. ಎಣ್ಣೆ ಸಿಡಿದ ಚುಕ್ಕೆಗಳು ಎರಡೂ ಮುಂಗೈ ತುಂಬ ಈಗಲೂ ಇವೆ. ಮಂಡಿ ನೋವು ಬೇರೆ ಜೊತೆಗೆ ಬಂತು.

ಊಟಕ್ಕೆಂದು ಅಷ್ಟು ಮೆಟ್ಟಿಲು ಇಳಿದು ಹತ್ತುವಷ್ಟು ಪುರುಸೊತ್ತು ಕ್ರೇನಿನವರಿಗೆ ಇರುವುದಿಲ್ಲ. ಮೇಲಿನಿಂದ ಹಗ್ಗ ಬಿಡುತ್ತಾರೆ, ಕೆಳಗಿನವರು ಡಬ್ಬಿ ಕಟ್ಟುತ್ತಾರೆ. ಸೌತೆಕ್ಕ ದಿನಕ್ಕೆ ಮೂರು ಡಬ್ಬಿ ಕಟ್ಟುತ್ತಿದ್ದರು. ಎಲ್ಲವೂ ಕರಿದದ್ದು, ಎಲ್ಲವೂ ಬಿಸಿ ಬಿಸಿ. “ಪಾಪ, ಒಬ್ನೇ ಕೂತಿರ್ತಾನೆ ಅಂತ ಒಂದು ಹಿಡಿ ಜಾಸ್ತೀನೇ ಹಾಕ್ತಿದ್ದೆ. ಅವನೂ ಮೇಲಿಂದ ಕೈ ಬೀಸಿ ಸೂಪರ್ ಅಕ್ಕಾ ಅನ್ನೋನು. ನಂಗೂ ಖುಷಿ. ಹೊಗಳಿದ್ರೆ ಯಾರಿಗೆ ಬೇಡ ಹೇಳಿ?” ಎನ್ನುತ್ತಾರೆ.

ಅವನನ್ನು ಗೇಟಿಗೆ ಹಾಕಿದ ಸುದ್ದಿ ಬಂದ ಮಧ್ಯಾಹ್ನ ಸೌತೆಕ್ಕ ಬಾಣಲೆಯ ಕೆಳಗಿನ ಒಲೆ ಆರಿಸಿ ನೇರ ಮ್ಯಾನೇಜರ ಹತ್ತಿರ ಹೋದರು. ತೂಕ ಇಳಿಸುವವರಿಗೆ ಬೇರೆ ಕೌಂಟರು ಬೇಕು ಅಂದರು. “ದನಕ್ಕೆ ಹಾಕೋದನ್ನ ಮನುಷ್ಯರು ಯಾಕಮ್ಮ ತಿಂತಾರೆ?” ಅಂದರಂತೆ ಮ್ಯಾನೇಜರು. ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಬಾಣಲೆ ಕೆಲಸ ಬಿಡುವ ಹಾಗಿಲ್ಲ. ಹಾಗಾಗಿ ಸೌತೆಕ್ಕ ಈಗ ಒಂದೂವರೆ ಗಂಟೆ ಮೊದಲೇ ಬಂದು ಈ ಮೂಲೆ ಸಿದ್ಧ ಮಾಡಿ, ಆಮೇಲೆ ಬಾಣಲೆ ಇಡುತ್ತಾರೆ. ಒಂದೇ ಜೀವ ಬಲಗಡೆ ದಪ್ಪ ಮಾಡುತ್ತದೆ, ಎಡಗಡೆ ಸಣ್ಣ ಮಾಡುತ್ತದೆ.

ಕೌಂಟರಿನ ಕಪ್ಪು ಹಲಗೆಯ ಮೇಲೆ ಪ್ರಥಮ ಚಿಕಿತ್ಸೆ ಕೋಣೆಯ ನರ್ಸಮ್ಮ ಸೀಮೆಸುಣ್ಣದಲ್ಲಿ ಬರೆದಿದ್ದಾರೆ. ಸೌತೆ ಹದಿನೈದು, ಮೂಲಂಗಿ ಹದಿನಾರು, ಟೊಮೆಟೊ ಹದಿನೆಂಟು, ಪಾಲಕ್ ಇಪ್ಪತ್ತಮೂರು, ಎಲೆಕೋಸು ಇಪ್ಪತ್ತೈದು. ನೂರು ಗ್ರಾಮಿಗೆ ಇಷ್ಟು ಕ್ಯಾಲೊರಿ ಅಂತ ಲೆಕ್ಕ. ಕರಿದ ಆಲೂಗಡ್ಡೆಗೆ ಮುನ್ನೂರು ಚಿಲ್ಲರೆ. ಇದಲ್ಲದೆ ಮಧ್ಯಾಹ್ನ ಎರಡು ಬೇಯಿಸಿದ ಮೊಟ್ಟೆ, ಒಂದು ಬಟ್ಟಲು ಬೇಯಿಸಿದ ಕಾಳು ಕೊಡಲೇಬೇಕೆಂಬುದು ನರ್ಸಮ್ಮನ ಕಟ್ಟಪ್ಪಣೆ. “ಬರೀ ಸೊಪ್ಪು ನೀರು ಕೊಟ್ರೆ ತೂಕ ಇಳಿಯುತ್ತೆ, ಜೊತೆಗೆ ಮನುಷ್ಯನೂ ಇಳೀತಾನೆ” ಎಂದು ಅವರು ಗದರಿದ್ದರಂತೆ.

ಉಳಿದ ಬುದ್ಧಿಯೆಲ್ಲ ಸೌತೆಕ್ಕನದೇ. ಸೌತೆಕಾಯಿಯನ್ನು ತೆಳ್ಳಗೆ ಬಿಲ್ಲೆ ಮಾಡುವುದಿಲ್ಲ, ಹೆಬ್ಬೆರಳ ಗಾತ್ರಕ್ಕೆ ಹೆಚ್ಚುತ್ತಾರೆ. “ಬಿಲ್ಲೆ ಮಾಡಿದ್ರೆ ಎರಡು ನಿಮಿಷಕ್ಕೆ ತಟ್ಟೆ ಖಾಲಿ. ಹೀಗೆ ಕೊಟ್ರೆ ದವಡೆ ದುಡೀಬೇಕು. ದವಡೆ ಸೋತ್ರೆ ಹೊಟ್ಟೆ ಸುಮ್ನಾಗುತ್ತೆ.” ಎಲೆಕೋಸು, ಟೊಮೆಟೊ ಸಾರನ್ನು ಕುದಿಕುದಿಯುವಾಗಲೇ ಬಡಿಸುತ್ತಾರೆ. ಗಟಗಟ ಕುಡಿಯಲು ಆಗುವುದಿಲ್ಲ, ಊದಿ ಊದಿ ಕುಡಿಯುವಷ್ಟರಲ್ಲಿ ಹಸಿವು ಅರ್ಧ ಸಾಯುತ್ತದೆ. ಕಲ್ಲಂಗಡಿಯ ತುಂಡುಗಳನ್ನು ಮಂಜುಗಡ್ಡೆಯಂತೆ ಗಟ್ಟಿ ಮಾಡಿ ಚೀಪಲು ಕೊಡುತ್ತಾರೆ. ಮೂಲಂಗಿಯನ್ನು ಕಡ್ಡಿ ಕಡ್ಡಿ ಹೆಚ್ಚಿ, ಎಣ್ಣೆಯೇ ಇಲ್ಲದೆ ಕಬ್ಬಿಣದ ಕಾವಲಿಯಲ್ಲಿ ಹುರಿದು, ಮೆಣಸಿನ ಪುಡಿ ಉದುರಿಸುತ್ತಾರೆ. ನೋಡಲು ಥೇಟ್ ಆಲೂಗಡ್ಡೆ. ಮೊದಲ ದಿನ ಅದನ್ನು ಬಾಯಿಗಿಟ್ಟ ಕ್ರೇನಣ್ಣ, “ಅಕ್ಕಾ, ನಿಮ್ಮನ್ನ ನಂಬಿದ್ದೆ” ಎಂದು ತಲೆ ತಗ್ಗಿಸಿದನಂತೆ. ನಾನೂ ಒಂದು ಕಡ್ಡಿ ತಿಂದೆ. ಅವನ ದುಃಖ ನನಗೆ ಅರ್ಥವಾಯಿತು.

ಆದರೂ ಆರು ವಾರದಲ್ಲಿ ಏಳು ಕೆಜಿ ಇಳಿಯಿತು. ಬಂದರಿನವರು ಬಾಯಿ ಬಿಟ್ಟು ನೋಡಿದರು. ಒಬ್ಬನಿಗಾಗಿ ತೆರೆದ ಕೌಂಟರಿಗೆ ಲಾರಿಯವರು, ಗೋದಾಮಿನವರು ಸೇರಿ ಇಪ್ಪತ್ತಮೂರು ಜನ ಆದರು. ಅಷ್ಟರಲ್ಲಿ ಮುಳ್ಳು ನೂರ ನಾಲ್ಕಕ್ಕೆ ಬಂದು ಕೂತುಬಿಟ್ಟಿತು. ಏಳನೇ ವಾರ ನೂರ ನಾಲ್ಕು, ಎಂಟನೇ ವಾರವೂ ನೂರ ನಾಲ್ಕು.

“ಕದ್ದು ತಿಂತಿದೀರಾ?” ಎಂದು ನರ್ಸಮ್ಮ ಕೇಳಿದರು. ಇಲ್ಲ ಅಂದ ಕ್ರೇನಣ್ಣ. ಸೌತೆಕ್ಕನೂ ನಂಬಲಿಲ್ಲ. “ನಾನು ಕತ್ತಲಲ್ಲಿ ಎದ್ದು ಬರ್ತೀನಿ, ನೀನು ಅಲ್ಲೆಲ್ಲೋ ಮೇಯ್ಕೊಂಡು ಬರ್ತೀಯಾ ಅಂದ್ಬಿಟ್ಟೆ ಸರ್. ಎಲ್ಲರ ಎದುರಿಗೇ ಅಂದೆ.” ಇದನ್ನು ಹೇಳುವಾಗ ಮಾತ್ರ ಅವರ ಮುಖದಲ್ಲಿ ನಗು ಇಲ್ಲ. ಕ್ರೇನಣ್ಣ ಅವತ್ತು ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋದನಂತೆ. ಗೇಟಿನಲ್ಲೇ ಇದ್ದುಬಿಡುತ್ತೇನೆ, ಇನ್ನು ಈ ಉಸಾಬರಿಯೇ ಬೇಡ ಅಂದನಂತೆ.

ಗುಟ್ಟು ಹೊರಗೆ ಬಂದದ್ದು ಇರುವೆಗಳಿಂದ. ಮರುದಿನ ತೊಳೆಯಲು ಬಂದ ಫ್ಲಾಸ್ಕುಗಳ ಮುಚ್ಚಳಕ್ಕೆ ಇರುವೆ ಮುತ್ತಿದ್ದವು. ಕ್ರೇನಣ್ಣನ ನಿಂಬೆ ನೀರಿನ ಫ್ಲಾಸ್ಕುಗಳು, ದಿನಕ್ಕೆ ನಾಲ್ಕು. ನಿಂಬೆ, ಪುದೀನ, ಚಿಟಿಕೆ ಉಪ್ಪು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಹುಳಿ ನೀರಿಗೆ ಇರುವೆ ಬರುತ್ತದೆಯೇ? ಸೌತೆಕ್ಕ ತಳದಲ್ಲಿದ್ದ ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಸಿಹಿ! ದಿನಾ ನಲವತ್ತು ಸೌತೆಕಾಯಿಯ ರುಚಿ ನೋಡುವವರು ಒಂದು ದಿನವೂ ಫ್ಲಾಸ್ಕಿನ ರುಚಿ ನೋಡಿರಲಿಲ್ಲ. ಅದನ್ನು ತುಂಬುತ್ತಿದ್ದವರು ಮನೆಯವರೇ ಅಲ್ಲವೇ?

“ರೀ, ಇದಕ್ಕೆ ಯಾರು ಏನು ಹಾಕಿದ್ದು?” ಎಂದು ಒಂದು ಕೂಗು ಹಾಕಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಜಮಾನರು ಚಹಾದ ಕೆಟಲು ಹಿಡಿದು ನಿಂತಲ್ಲೇ, “ಬರೀ ಎರಡು ಚಮಚ ಕಣೇ” ಅಂದುಬಿಟ್ಟರು.

ಯಜಮಾನರು ಇವತ್ತೂ ಅದನ್ನು ಒಪ್ಪಿಕೊಳ್ಳುತ್ತಾರೆ, ಮುಜುಗರವೇನೂ ಇಲ್ಲದೆ. “ನೋಡೋಕಾಗ್ತಿರ್ಲಿಲ್ಲ ಸರ್. ಅಷ್ಟು ದೊಡ್ಡ ಮನುಷ್ಯ ಮಗು ಔಷಧಿ ಕುಡಿಯೋ ಹಾಗೆ ಮುಖ ಕಿವಿಚ್ಕೊಂಡು ಕುಡೀತಿದ್ದ. ಏಳನೇ ವಾರದಿಂದ ಫ್ಲಾಸ್ಕಿಗೆ ಎರಡು ಚಮಚ ಜೇನು ಹಾಕೋಕೆ ಶುರು ಮಾಡ್ದೆ. ಜೇನು ಒಳ್ಳೇದಂತಲ್ಲ?” ಚಮಚ ಯಾವುದು ಅಂತ ಕೇಳಿದೆ. ತೋರಿಸಿದರು. ಅದನ್ನು ಸೌಟು ಅನ್ನುವುದೇ ಸರಿ. ನರ್ಸಮ್ಮ ಲೆಕ್ಕ ಹಾಕಿದಾಗ ದಿನಕ್ಕೆ ಐನೂರು ಕ್ಯಾಲೊರಿ ಬಂತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಸೌತೆಕ್ಕ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಗೇಟಿನವರೆಗೆ ನಡೆದು ಹೋದರು. ಅಲ್ಲಿ ನಾಲ್ಕು ಜನ ಲಾರಿಯವರಿದ್ದರು. ಎಲ್ಲರೆದುರು ಅಂದ ಮಾತು, ಎಲ್ಲರೆದುರೇ ವಾಪಸು ತಗೋಬೇಕು ಎಂದು ಅವರೆದುರೇ ಹೇಳಿದರು: “ತಪ್ಪು ನಮ್ದು ಕಣಪ್ಪಾ. ನೀನು ಕದ್ದಿಲ್ಲ.”

ಕ್ರೇನಣ್ಣ ಜೇನಿನ ಕಥೆ ಪೂರ್ತಿ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. “ಅದಕ್ಕೇ ಅನ್ಕೊಂಡೆ! ಅಕ್ಕ ಮಾಡೋದ್ರಲ್ಲಿ ಅದೊಂದೇ ಬಾಯಿಗೆ ಇಡೋ ಹಾಗಿತ್ತು!” ಮರುದಿನದಿಂದ ಮತ್ತೆ ಕೌಂಟರಿಗೆ ಬಂದ. ಫ್ಲಾಸ್ಕು ತುಂಬುವ ಕೆಲಸ ಸೌತೆಕ್ಕನ ಕೈಗೆ ಬಂತು. ಮುಳ್ಳು ಮೆಲ್ಲಗೆ ಅಲುಗಾಡಿತು. ಕಳೆದ ವಾರ ನೂರಕ್ಕೆ ಮುನ್ನೂರು ಗ್ರಾಂ ಜಾಸ್ತಿ ಇತ್ತು.

ಆರು ಇಪ್ಪತ್ತಕ್ಕೆ ಕ್ರೇನಣ್ಣ ಬರುತ್ತಾನೆ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ, ಬೆಲ್ಟಿಗೆ ಮೊಳೆಯಿಂದ ಹೊಡೆದ ಮೂರು ಹೊಸ ತೂತುಗಳಿವೆ. ಕೆಳಗಿನ ಕೆಲಸವೇ ಆರಾಮಲ್ಲವೇ, ನೆರಳು, ಕುರ್ಚಿ, ಮೆಟ್ಟಿಲು ಹತ್ತುವ ಗೋಜಿಲ್ಲ ಎಂದು ನಾನು ಸುಮ್ಮನೆ ಕೆಣಕುತ್ತೇನೆ. ಅವನು ನನ್ನ ಹೊಟ್ಟೆಯನ್ನೊಮ್ಮೆ ನೋಡಿ ಹೇಳುತ್ತಾನೆ, “ಕೆಳಗಿದ್ರೆ ನಾನು ಬರೀ ದಪ್ಪಗಿರೋನು ಸರ್. ಮೇಲೆ ಹೋದ್ರೆ ಕ್ರೇನು ನಡೆಸೋನು.”

ನರ್ಸಮ್ಮ ಕೋಣೆಯ ಬಾಗಿಲು ತೆರೆಯುತ್ತಾರೆ. ಅವನು ಬೂಟು ಬಿಚ್ಚಿ ಒಳಗೆ ಹೋಗುತ್ತಾನೆ. ಸೌತೆಕ್ಕ ಹೋಗುವುದಿಲ್ಲ. ಬಾಗಿಲಿಗೆ ಬೆನ್ನು ಹಾಕಿ, ಆಗಲೇ ಎರಡು ಸಲ ತೊಳೆದಿಟ್ಟಿದ್ದ ಕಾವಲಿಯನ್ನು ಮತ್ತೆ ಉಜ್ಜುತ್ತಿದ್ದಾರೆ. ಕೌಂಟರಿನ ಉಳಿದ ಇಪ್ಪತ್ತೆರಡು ಜನರಲ್ಲಿ ಒಬ್ಬರೂ ಅಗಿಯುತ್ತಿಲ್ಲ. ಯಜಮಾನರು ತಡೆಯಲಾರದೆ ಕಿಟಕಿಯಲ್ಲಿ ಇಣುಕುತ್ತಾರೆ.

“ತೊಂಬತ್ತೊಂಬತ್ತು ಪಾಯಿಂಟ್ ನಾಲ್ಕು ಕಣೇ!”

ಯಾರೋ ತಟ್ಟೆ ಬಡಿಯುತ್ತಾರೆ, ಹೊರಗೆ ಲಾರಿಯೊಂದು ಉದ್ದಕ್ಕೆ ಹಾರ್ನ್ ಹಾಕುತ್ತದೆ. ಸೌತೆಕ್ಕ ತಿರುಗುವುದಿಲ್ಲ. ಕಾವಲಿಯ ಮೇಲೆ ಬಗ್ಗಿದ ತಲೆ ಬಗ್ಗಿಯೇ ಇದೆ, ಭುಜ ಮಾತ್ರ ಅಲುಗುತ್ತಿದೆ. ಕ್ರೇನಣ್ಣ ಹೊರಗೆ ಬಂದು ಅವರ ಹಿಂದೆ ನಿಲ್ಲುತ್ತಾನೆ. “ಅಕ್ಕಾ, ಆ ಮೂಲಂಗಿ ಮಾತ್ರ ಕೊನೇವರೆಗೂ ದರಿದ್ರವಾಗಿತ್ತು” ಅನ್ನುತ್ತಾನೆ.

“ಹೋಗಯ್ಯಾ, ಹೊತ್ತಾಯ್ತು” ಅನ್ನುತ್ತಾರೆ ಸೌತೆಕ್ಕ, ಮೂಗು ಒರೆಸಿಕೊಳ್ಳುತ್ತ.

ಏಳಕ್ಕೆ ಹತ್ತು ನಿಮಿಷ ಇರುವಾಗ ಅವನು ಹತ್ತಲು ಶುರು ಮಾಡುತ್ತಾನೆ. ಮೊದಲೆಲ್ಲ ನಾಲ್ಕು ಕಡೆ ನಿಂತು ಉಸಿರು ತಗೊಳ್ಳುತ್ತಿದ್ದನಂತೆ. ಸೌತೆಕ್ಕ ಕ್ಯಾಂಟೀನಿನ ಬಾಗಿಲಲ್ಲಿ ನಿಂತು ಬೆರಳು ಮಡಚಿ ಎಣಿಸುತ್ತಿದ್ದಾರೆ. ಒಂದು ಕಡೆ ನಿಂತ. ಆಮೇಲೆ ಎಲ್ಲೂ ನಿಲ್ಲದೆ ಏಣಿಯ ಬುಡ ಮುಟ್ಟಿ, ಬೆಲ್ಟಿನ ಕೊಕ್ಕೆ ಸಿಕ್ಕಿಸಿ, ಬೆಳಕಿನೊಳಗೆ ಚಿಕ್ಕದಾಗುತ್ತ ಹೋದ. ಕ್ಯಾಬಿನ್ನಿನ ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಕ್ರೇನಿನ ಉದ್ದನೆಯ ತೋಳು ನಿಧಾನ ತಿರುಗುತ್ತದೆ.

ಇಷ್ಟು ವರ್ಷದ ಅಡುಗೆಯಲ್ಲಿ ಯಾವ ಊಟ ನಿಮಗೆ ಹೆಮ್ಮೆ ಎಂದು ನಾನು ಕೇಳುತ್ತೇನೆ. ಬಾಣಲೆ ಇಡುವ ಹೊತ್ತಾಗಿದೆ, ಬಲಗಡೆ ಕೌಂಟರಿನಲ್ಲಿ ಆಗಲೇ ಜನ ಕಾಯುತ್ತಿದ್ದಾರೆ. ಸೌತೆಕ್ಕ ಅವರ ಕಡೆಗೊಮ್ಮೆ ನೋಡಿ, ಕತ್ತು ಎತ್ತಿ ಕ್ರೇನಿನ ತುದಿ ನೋಡುತ್ತಾರೆ.

“ನನ್ನ ಅಡುಗೆ ಹೊಗಳ್ಕೊಂಡು ತಿಂದೋರೆಲ್ಲ ಇಲ್ಲೇ ಕೆಳಗಿದ್ದಾರೆ ಸರ್. ಬೈಕೊಂಡು ತಿಂದೋನು ಮೇಲಿದ್ದಾನೆ, ನೋಡಿ.”