‘ಗವನಿಚ್ಚಿಕ್ಕೋಂಗ’ ಅಂದರೆ ಏನು?

ನಮ್ಮ ಭಾವ ಪಂಢರಿನಾಥ ಮೂರು ತಲೆಮಾರಿನಿಂದ ಮದರಾಸಿನವರು. ತರಕಾರಿಯವನ ಹತ್ತಿರ ಚೌಕಾಸಿ, ಪಕ್ಕದ ಮನೆಯವರ ಹತ್ತಿರ ಜಗಳ, ನಿದ್ದೆಯ ಕನವರಿಕೆ, ಎಲ್ಲವೂ ತಮಿಳಿನಲ್ಲೇ. ರಾಯರಿಗೆ ಹರಕೆ ಹೊರುವುದೂ ತಮಿಳಿನಲ್ಲೇ ಎಂದು ನಮ್ಮ ಅಕ್ಕ ಜಯಲಕ್ಷ್ಮೀ ಗೇಲಿ ಮಾಡುತ್ತಿದ್ದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಮನುಷ್ಯನಿಗೆ ತಮಿಳು ಅಷ್ಟಾಗಿ ಬರುವುದಿಲ್ಲವೆಂದು ಆಮೇಲೆ ಕೋರ್ಟಿನಲ್ಲೇ ಸಾಬೀತಾಯಿತು.

ಭಾವ ಸರ್ಕಾರಿ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತರು. ಲಂಚ ಹಿಡಿಯುವ ಪೊಲೀಸರಿಗೆ ಬೇರೆ ಕಚೇರಿಯ ನೌಕರನೊಬ್ಬ ಸಾಕ್ಷಿಯಾಗಿ ಬೇಕು. ಮ್ಯಾನೇಜರು, ಇಲ್ಲ ಅನ್ನಲು ಬಾರದವರನ್ನು ಹುಡುಕಿ ಇವರನ್ನು ಕಳಿಸಿದರು. ವೇಲಚೇರಿಯಲ್ಲಿ ಇಡ್ಲಿ ಮಾರುವ ಕಲಾವತಿ ಎಂಬ ವಿಧವೆ, ಗಂಡನ ಜಾಗದ ಪಟ್ಟಾ, ಅಂದರೆ ಖಾತೆ, ತನ್ನ ಹೆಸರಿಗೆ ಆಗಲೆಂದು ಅಲೆದು ಸಾಕಾಗಿ, ತಾಲೂಕು ಕಚೇರಿಯ ಸರ್ವೇಯರ್ ಮೇಲೆ ಲಂಚದ ದೂರು ಕೊಟ್ಟಿದ್ದಳು. ಅವಳ ಪಕ್ಕ ನಿಂತು, ಸರ್ವೇಯರ್ ಏನು ಕೇಳುತ್ತಾನೋ ಕೇಳಿಸಿಕೊಳ್ಳುವುದಷ್ಟೇ ಭಾವನ ಕೆಲಸ.

ಸರ್ವೇಯರ್ ತಲೆಯನ್ನೂ ಎತ್ತದೆ, "ಗವನಿಚ್ಚಿಕ್ಕೋಂಗಮ್ಮ" ಅಂದ. ನೋಡ್ಕೊಳ್ಳಿ ಅಂದಹಾಗೆ. ಈ ಊರಿನ ಕಚೇರಿ ಮೆಟ್ಟಿಲು ಹತ್ತಿದ ಯಾರಿಗಾದರೂ ಆ ಮಾತು ಕೇಳಿದೊಡನೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಕಲಾವತಿ, ಪೊಲೀಸರು ಗುರುತಿಗೆಂದು ಪುಡಿ ಸವರಿದ್ದ ನೋಟು ಕೊಟ್ಟಳು. ಪೊಲೀಸರು ಅವನ ಬೆರಳುಗಳನ್ನು ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿಸಿದರು, ನೀರು ಗುಲಾಬಿಯಾಯಿತು. ಭಾವ ಅಂದಿನಿಂದ ರೋಸ್ ಮಿಲ್ಕ್ ಕುಡಿಯುವುದನ್ನೇ ಬಿಟ್ಟರು.

ಸಿಕ್ಕಿಬಿದ್ದವನು ಸರ್ವೇಯರ್ ಎಂದುಕೊಂಡೆವು. ಆದರೆ ಭಾವನ ಮನೆಯೂ ವೇಲಚೇರಿಯಲ್ಲೇ, ಪಟ್ಟಾ ಇನ್ನೂ ತೀರಿಹೋದ ಅವರಪ್ಪನ ಹೆಸರಿನಲ್ಲೇ, ಅರ್ಜಿ ಅದೇ ಕಚೇರಿಯಲ್ಲೇ. ಪ್ರತಿ ಮಳೆಗಾಲ ನೀರು ನುಗ್ಗುವ ಮನೆ ಅದು. ಮಾರಿ ಹೋಗೋಣವೆಂದರೆ ಪಟ್ಟಾ ಇಲ್ಲದ ಮನೆಯನ್ನು ಕೊಳ್ಳುವವರಾರು? ಒಮ್ಮೆ ನಕ್ಷೆ ಸರಿಯಿಲ್ಲ, ಒಮ್ಮೆ ಸರ್ವರ್ ಡೌನ್. ಕೊನೆಗೆ ಅಲ್ಲಿನ ನೌಕರನೊಬ್ಬ ಭಾವನಿಗೆ ಟೀ ತರಿಸಿ, ಅಕ್ಕನ ಮಂಡಿ ನೋವು ವಿಚಾರಿಸಿ, ಸರ್ವೇಯರನ ಕೇಸು ಬರುತ್ತಿದೆಯಲ್ಲ ಎಂದು ನೆನಪಿಸಿದ.

"ನೀಂಗ ಗವನಿಚ್ಚಿಕ್ಕೋಂಗ ಸಾರ್. ನಾಂಗಳುಂ ಗವನಿಚ್ಚಿಕ್ಕಿರೋಂ."

ನೀವು ನಮ್ಮನ್ನು ನೋಡಿಕೊಂಡರೆ ನಾವೂ ನಿಮ್ಮನ್ನು ನೋಡಿಕೊಳ್ಳುತ್ತೇವೆ. ನನಗೆ ಮೈಯೆಲ್ಲ ಉರಿಯಿತು. ಭಾವನನ್ನು ವಕೀಲರ ಹತ್ತಿರ ಎಳೆದುಕೊಂಡು ಹೋದೆ. ಹೆದರಿಸಿ ಕಿತ್ತುಕೊಂಡರೆ ಅದು ಸುಲಿಗೆ, ಅಪರಾಧವೇ, ಆದರೆ ಇಲ್ಲಿ ಅವರು ಕಿತ್ತುಕೊಂಡದ್ದೇನು, ಟೀ ಕೂಡ ಅವರೇ ಕೊಟ್ಟಿದ್ದಾರಲ್ಲ ಎಂದರು ವಕೀಲರು. ಆ ಮಾತು ಬೇರೆ ಯಾರಾದರೂ ಕೇಳಿಸಿಕೊಂಡರೇ ಎಂದೂ ಕೇಳಿದರು.

ಹೊರಗೆ ಬಂದು ಭಾವ ನಕ್ಕರು. "ಸಾಕ್ಷಿಗೇ ಒಬ್ಬ ಸಾಕ್ಷಿ ಬೇಕಂತೆ ಮುರಳಿ. ನಾ ಎಲ್ಲಿಗೆ ಪೋಗ್ಲಿ?"

ಆ ಮಳೆಗಾಲದಲ್ಲೂ ನೀರು ಬಂತು. ಮಂಡಿ ಮಡಚಲಾಗದ ಅಕ್ಕ ರಾತ್ರಿಯಿಡೀ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. "ಆ ಅಮ್ಮಂಗೆ ನ್ಯಾಯ ಸಿಗ್ಲಿ, ನಾನ್ಯಾಕೆ ಬೇಡ ಅನ್ಲಿ? ನಾವು ಮಾತ್ರ ಇನ್ನೂ ಎಷ್ಟು ವರ್ಷ ಹೀಗೆ ನೀರಲ್ಲಿರೋದು?" ಅಂದಳು.

ಕೋರ್ಟಿನಲ್ಲಿ ಸರ್ವೇಯರನ ವಕೀಲ ಆ ಮಾತನ್ನು ಅಲ್ಲಗಳೆಯಲಿಲ್ಲ. ಅದು ಧ್ವನಿಮುದ್ರಣದಲ್ಲೇ ಇತ್ತು. ಕಾಗದಪತ್ರ ಸರಿಯಾಗಿ ನೋಡಿಕೊಳ್ಳಿ ಎಂದಷ್ಟೇ ಹೇಳಿದ್ದು, ನೋಟು ಅವಳೇ ಕೈಗೆ ತುರುಕಿದ್ದು ಎಂಬುದು ಅವನ ವಾದ. ಭಾವನನ್ನು ಮನೆಮಾತು ಯಾವುದೆಂದು ಕೇಳಿದ. ಕನ್ನಡ ಎಂದರು. ಹಾಗಾದರೆ ‘ಗವನಿಚ್ಚಿಕ್ಕೋಂಗ’ ಎಂದಾಗ ನಿಮಗೆ ಏನೆಂದು ಅರ್ಥವಾಯಿತು ಎಂದು ಕೇಳಿದ.

ಭಾವ ಕಟಕಟೆಯ ಮರವನ್ನು ಹಿಡಿದುಕೊಂಡರು. "ಗಮನಿಸಿ, ಅಂತ."

"ಹಣ ಕೊಡಿ ಅಂತ ಅಲ್ಲ?"

"ಅಲ್ಲ."

ಎದ್ದು ನಿಂತು ಕೂಗಬೇಕೆನಿಸಿತು. ಮಂಚದ ಮೇಲಿನ ಅಕ್ಕ ಕಣ್ಣಮುಂದೆ ಬಂದಳು, ಕೂತೇ ಇದ್ದೆ. ಲಂಚ ಕೇಳಿದ್ದು ರುಜುವಾತಾಗಲಿಲ್ಲವೆಂದು ಮುಂದೆ ಸರ್ವೇಯರ್ ಬಿಡುಗಡೆಯಾದ.

ಭಾವ ಸಾಕ್ಷಿ ಹೇಳಿದ ದಿನ ಕೋರ್ಟಿನ ವರಾಂಡದಲ್ಲಿ ಕಲಾವತಿ ನಮ್ಮನ್ನು ಕಾಯುತ್ತಿದ್ದಳು. ಬೈಯಲಿಲ್ಲ. ಊರಿಗೆ ಹೊಸಬರನ್ನು ವಿಚಾರಿಸುವ ಹಾಗೆ ಕೇಳಿದಳು: "ಸಾರ್, ಉಂಗಳುಕ್ಕು ತಮಿಳ್ ತೆರಿಯಾದಾ?"

ತಮಿಳು ಗೊತ್ತಿಲ್ಲವಾ ಎಂದು ಕೇಳಿದವಳಿಗೆ ಭಾವ ತಮಿಳಿನಲ್ಲೇ, "ತೆರಿಯುಂಮಾ" ಅಂದರು. ಗೊತ್ತಮ್ಮ. ಅವಳು ತಲೆಯಾಡಿಸಿ ಹೊರಟುಹೋದಳು.

ಭಾವನ ಪಟ್ಟಾ ಬಂದಿದೆ. ಅವಳದು ಬಂದಿಲ್ಲ. ಭಾವ ಈಗ ತರಕಾರಿಯವನು ಹೇಳಿದ ಬೆಲೆ ಕೊಟ್ಟು ಸುಮ್ಮನೆ ಬರುತ್ತಾರೆ. ಮನೆ ಕೊಳ್ಳಲು ಬಂದವರು ತಮಿಳಿನಲ್ಲಿ ಏನಾದರೂ ಕೇಳಿದರೆ, ಭಾವ ನನ್ನ ಮುಖ ನೋಡುತ್ತಾರೆ.