ದೊಮ್ನಿಕಾಳ ಪ್ರಯಾಣದ ಕುಪ್ಪಸ

ಗೋರ್ಜ್ ಸೀಮೆಯ ಹೆಂಗಸರು ಎರಡು ಪೆಟ್ಟಿಗೆ ಇಟ್ಟುಕೊಳ್ಳುತ್ತಾರೆ. ಒಂದರಲ್ಲಿ ಮದುವೆಗೆ ತಂದ ಬಟ್ಟೆ, ಇನ್ನೊಂದರಲ್ಲಿ ಪ್ರಯಾಣದ ಬಟ್ಟೆ. ಪ್ರಯಾಣ ಎಂದರೆ ಬಸ್ಸಿನದಲ್ಲ, ಮೇಲಿನದು. ಕಣ್ಣು ಮುಚ್ಚಿದ ಗಡಿಬಿಡಿಯಲ್ಲಿ ಮನೆಯವರು ಕೈಗೆ ಸಿಕ್ಕಿದ್ದನ್ನು ತೊಡಿಸಿ ಕಳಿಸಿಬಿಟ್ಟಾರು ಎಂಬ ಹೆದರಿಕೆಗೆ ಎಲ್ಲವನ್ನೂ ತಾವೇ ಆರಿಸಿ, ಮಡಿಸಿ, ಮಡಿಕೆಗಳ ನಡುವೆ ಒಣಗಿದ ಕಾಮಕಸ್ತೂರಿ ಇಟ್ಟು ಸಿದ್ಧ ಮಾಡಿರುತ್ತಾರೆ. ಈಸ್ಟರ್ ಕಳೆದ ವಾರ ಅವನ್ನು ಹೊರತೆಗೆದು ಬಿಸಿಲು ಕಾಣಿಸುತ್ತಾರೆ. ಬೇಲಿಯ ಮೇಲೆ ಹರಡಿದ ಆ ಬಟ್ಟೆಗಳನ್ನು ಕಂಡು ಯಾರೂ ಕಣ್ಣೀರು ಹಾಕುವುದಿಲ್ಲ. ಯಾರ ಕಸೂತಿ ಒತ್ತಾಗಿದೆ, ಯಾರದು ತೆಳು ಎಂದು ಓರೆಗಣ್ಣಿನಲ್ಲಿ ಬೆಲೆ ಕಟ್ಟುತ್ತಾ ದಾಟಿ ಹೋಗುತ್ತಾರೆ.

ಆ ವರ್ಷ ದೊಮ್ನಿಕಾ ತನ್ನ ಕಪ್ಪು ಉಣ್ಣೆಯ ಕುಪ್ಪಸವನ್ನು ಬೇಲಿಗೆ ಹಾಕುವ ಮೊದಲು ಒಮ್ಮೆ ತೊಟ್ಟು ನೋಡಿದಳು. ನೋಡಬಾರದಿತ್ತು. ಭುಜ ಸರಿಹೋಯಿತು, ಬೆನ್ನು ಸರಿಹೋಯಿತು. ಎದೆಯ ಮೇಲಿನ ಕೊಕ್ಕೆಗಳು ಮಾತ್ರ ವ್ಯಾಜ್ಯ ಬಿದ್ದ ಎರಡು ಮನೆಗಳ ಹಾಗೆ ಒಂದನ್ನೊಂದು ದುರುಗುಟ್ಟಿ ನೋಡುತ್ತಾ ದೂರವೇ ನಿಂತವು. ಗಂಡ ಪಾಂತೆಲಿ ಹತ್ತಿರ ಬಂದು ನಡುವಿನ ಜಾಗಕ್ಕೆ ಕೈಯಿಟ್ಟು ಅಳೆದ.

"ಒಂದು ಗೇಣು" ಎಂದ.

"ನಿನ್ನ ಗೇಣು ದೊಡ್ಡದು."

"ನನ್ನ ಗೇಣು ನಮ್ಮಪ್ಪನ ಕಾಲದಿಂದ ಇಷ್ಟೇ. ಬೆಳೆದಿರೋದು ಬೇರೆ ಏನೋ."

ಆಗದ ಬಟ್ಟೆಗೆ ಊರಿನಲ್ಲಿ ಒಂದು ಉಪಾಯವಿತ್ತು. ಹೆಣ ತೊಳೆಯುವ ಹೆಂಗಸರು ಬೆನ್ನಿನ ಕಡೆ ಕತ್ತರಿ ಹಾಕಿ ಸೀಳಿ, ಮುಂದಿನಿಂದ ಹೊದಿಸಿ, ಎರಡೂ ಪಕ್ಕ ಸಿಕ್ಕಿಸಿಬಿಡುತ್ತಿದ್ದರು. ಮಲಗಿದವರ ಬೆನ್ನು ಯಾರಿಗೆ ಕಾಣಬೇಕು. ಆದರೆ ಮೇಲೆ ಹೋದ ಮೇಲೆ ಎದ್ದು ನಿಲ್ಲಲೇಬೇಕಲ್ಲ. ಸಂತರ ಮುಂದೆ ಬೆನ್ನು ಬಿಟ್ಟುಕೊಂಡು ನಿಂತರೂ ನಿಂತಾಳು ದೊಮ್ನಿಕಾ. ಅತ್ತೆಯ ಮುಂದೆ ನಿಲ್ಲಲಾರಳು.

ಕುಪ್ಪಸ ಹೊಲಿದವಳೇ ಆ ಅತ್ತೆ, ಸಾಫ್ತಾ. ಸೌದೆ ಸೀಳಿನಂಥ ದೇಹ, ಸೂಜಿಯಂಥ ನಾಲಗೆ. ತನ್ನ ಕೊನೆಯ ಚಳಿಗಾಲದಲ್ಲಿ ಒಲೆಯ ಪಕ್ಕ ಕೂತು ಕಸೂತಿ ಮುಗಿಸಿ, ಸೊಸೆಯ ಕೈಗಿಟ್ಟು ಹೇಳಿದ್ದಳು: "ನಿನ್ನ ಈಗಿನ ಅಳತೆಗೆ ಹೊಲಿದಿದೀನಿ ಕಣೇ. ನೀನು ಈ ಅಳತೇಲಿ ಉಳೀತೀಯ ಅಂತ ಮಾತ್ರ ನನಗೆ ನಂಬಿಕೆ ಇಲ್ಲ. ಇರಲಿ, ಮೇಲೆ ಬಾಗಿಲ ಹತ್ರಾನೇ ನಿಂತಿರ್ತೀನಿ. ಬಂದಾಗ ನೋಡೋಣ."

ಸತ್ತು ಹನ್ನೆರಡು ವರ್ಷವಾಗಿದ್ದರೂ ಸಾಫ್ತಾ ಆ ಬಾಗಿಲು ಬಿಟ್ಟು ಕದಲಿರಲಿಕ್ಕಿಲ್ಲ ಎಂಬುದರಲ್ಲಿ ಸೊಸೆಗೆ ಅನುಮಾನವಿರಲಿಲ್ಲ.

ಪರೀಕ್ಷೆಗೆ ಸಾಯುವವರೆಗೂ ಸಮಯವಿದ್ದರೆ ಬೇರೆ ಮಾತು. ಆದರೆ ದೊಮ್ನಿಕಾ ಆಗಲೇ ಪಾದ್ರಿಗೆ ಮಾತು ಕೊಟ್ಟಾಗಿತ್ತು. ಸತ್ತವರ ಹೆಸರಿನಲ್ಲಿ ಹಾಕುವ ಊಟಕ್ಕೆ ಅಲ್ಲಿ ಪೊಮಾನಾ ಎನ್ನುತ್ತಾರೆ. ಉಂಡವರ ಹೊಟ್ಟೆಯ ಮೂಲಕ ಅದು ಸತ್ತವರಿಗೆ ಮುಟ್ಟುತ್ತದೆ. ಹಿಂದೆ ಉಳಿದವರ ಮೇಲೆ ಭರವಸೆಯಿಲ್ಲದವರು ತಮ್ಮ ಪೊಮಾನಾವನ್ನು ಬದುಕಿರುವಾಗಲೇ ತಾವೇ ಮಾಡಿಕೊಳ್ಳುವುದುಂಟು. "ನಾನು ಹೋದ್ರೆ ಇವನು ಊಟ ಹಾಕ್ತಾನಾ? ಬಿಸ್ಕತ್ತು ಹಂಚಿ ಕೈ ತೊಳ್ಕೋತಾನೆ" ಎಂದು ಗಂಡನ ಎದುರೇ ಹೇಳಿ ಅವಳು ಶರತ್ಕಾಲದ ಪಿತೃಗಳ ಶನಿವಾರಕ್ಕೆ ದಿನ ಗೊತ್ತು ಮಾಡಿಸಿದ್ದಳು. ಆ ದಿನ ಊರಿನ ರೂಢಿಯಂತೆ ಪ್ರಯಾಣದ ಬಟ್ಟೆ ತೊಟ್ಟೇ ಇಗರ್ಜಿಯಲ್ಲಿ ನಿಲ್ಲಬೇಕು. ಊರೆಲ್ಲ ನೋಡುತ್ತದೆ. ಕೊಕ್ಕೆಗಳನ್ನೂ ನೋಡುತ್ತದೆ.

ದೊಮ್ನಿಕಾಳ ಸೊಸೆ ಮಿರೆಲಾ ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತೂಕ ಇಳಿಸುವ ಕೆಲಸವನ್ನು ತಾನಾಗಿಯೇ ವಹಿಸಿಕೊಂಡಳು.

"ಅತ್ತೆ, ಬೆಳಿಗ್ಗೆ ಮೊಸರು. ಮಧ್ಯಾಹ್ನ ಬೇಯಿಸಿದ ಹುರುಳಿಕಾಯಿ. ರಾತ್ರಿ ಒಂದು ಸೇಬು."

"ಮಧ್ಯೆ?"

"ಮಧ್ಯೆ ನೀರು."

"ಕುದುರೆಗೂ ಇದಕ್ಕಿಂತ ಒಳ್ಳೇದು ಹಾಕ್ತಾರೆ ಕಣೇ."

"ಕುದುರೆ ಕುಪ್ಪಸ ಹಾಕಲ್ಲ ಅತ್ತೆ."

ಆಮೇಲೆ ಅತ್ತೆಯ ಮುಖ ನೋಡಿ ಕರುಣೆ ಬಂದು, "ಏನಾದ್ರೂ ವಿಶೇಷ ದಿನ ಇದ್ರೆ ಒಂಚೂರು ತಿನ್ನಿ, ಪರವಾಗಿಲ್ಲ" ಎಂದುಬಿಟ್ಟಳು. ಎದುರಿಗಿದ್ದವಳು ಯಾರೆಂದು ಯೋಚಿಸಿ ಆಡಿದ ಮಾತಲ್ಲ ಅದು. ದೊಮ್ನಿಕಾ ಆಯುಸ್ಸಿಡೀ ಸಂತೆಯಲ್ಲಿ ಕುರಿಹಾಲಿನ ಚೀಸ್ ಮಾರಿದವಳು. ಗಿರಾಕಿಯ ಬಾಯಿಂದ "ಒಂಚೂರು" ಎಂದು ಬಿದ್ದರೆ ಅರ್ಧ ಗಡ್ಡೆ ಕತ್ತರಿಸಿ, ಕಾಗದ ಸುತ್ತಿ, ಚೀಲಕ್ಕೆ ಹಾಕಿಯೇ ಮುಂದಿನ ಮಾತು.

ವಿಶೇಷ ದಿನಕ್ಕೆ ಅವಳು ಹಬ್ಬ ಹುಡುಕಲಿಲ್ಲ, ಮದುವೆ ಹುಡುಕಲಿಲ್ಲ. ಅವು ಅಪರೂಪ. ಊರಿನಲ್ಲಿ ಧಾರಾಳವಾಗಿದ್ದವರು ಸತ್ತವರು. ಅಲ್ಲಿ ಒಬ್ಬ ತೀರಿಕೊಂಡರೆ ಮಣ್ಣಿನ ದಿನ ಒಂದು ಊಟ, ಒಂಬತ್ತನೇ ದಿನಕ್ಕೆ ಒಂದು, ನಲವತ್ತನೇ ದಿನಕ್ಕೆ ಒಂದು, ಅರ್ಧ ವರ್ಷಕ್ಕೆ, ವರ್ಷಕ್ಕೆ, ಹಾಗೇ ಏಳು ವರ್ಷ ನಡೆಯುತ್ತದೆ. ತೊಟ್ಟಿಲು ತೂಗುವ ಮನೆ ಬೆರಳೆಣಿಕೆಯಷ್ಟು, ಮೊಂಬತ್ತಿ ಹಚ್ಚುವ ಮನೆ ಬೀದಿಗೆ ಹತ್ತು. ಇಷ್ಟು ದಿನ ಕರೆದರೂ ಮಂಡಿನೋವೆಂದು ತಪ್ಪಿಸಿಕೊಳ್ಳುತ್ತಿದ್ದವಳು ಈಗ ಎರಡು ಗುಡ್ಡ ಆಚೆಯ ಊರಿನ ಸತ್ತವರನ್ನೂ ನೆನಪಿಸಿಕೊಂಡು ಹೊರಟಳು. ಹಂದಿಮಾಂಸ ತುಂಬಿದ ಎಲೆಕೋಸಿನ ಸುರುಳಿ, ಜೋಳದ ಮುದ್ದೆ, ಕೆನೆ, ಸಕ್ಕರೆ ಅಕ್ರೋಟು ಹಾಕಿ ಬೇಯಿಸಿದ ಗೋಧಿ, ಮೇಲೊಂದು ಗುಟುಕು ಪ್ಲಮ್ ಸಾರಾಯಿ. ಯಾವುದನ್ನೂ ಬೇಡವೆನ್ನುವಂತಿಲ್ಲ. ಬೇಡವೆಂದರೆ ಸತ್ತವರು ಉಪವಾಸ.

ಮಿರೆಲಾ ಕೇಳಿದಳು. "ಅತ್ತೆ, ಈ ವಾರ ಇದು ಎಷ್ಟನೇ ವಿಶೇಷ?"

"ನಾನೆಲ್ಲಿ ತಿಂದೆ? ತಿಂದಿದ್ದು ಅವರು. ನನ್ನ ಬಾಯಿ ಬರೀ ದಾರಿ. ಪೋಸ್ಟಿನವನು ಮನಿಯಾರ್ಡರ್ ತಂದು ಕೊಟ್ರೆ ಅವನ ಜೇಬು ತುಂಬುತ್ತೇನೇ?"

ಪಾಂತೆಲಿ ಮೂಲೆಯಿಂದ, "ಪೋಸ್ಟಿನವನ ಬೆಲ್ಟು ಯಾಕೋ ಬಿಗಿಯಾದ ಹಾಗಿದೆ" ಎಂದ.

ಕಳ್ಳನಿಗೊಂದು ಪಿಳ್ಳೆ ನೆವ ಸಾಕು. ದೊಮ್ನಿಕಾಳಿಗೆ ಇಡೀ ಸ್ಮಶಾನವೇ ನೆವವಾಗಿ ಸಿಕ್ಕಿತ್ತು. ಬೇಸಿಗೆ ಹೀಗೆ ಸುಖವಾಗಿ ಸಾಗಿ, ಆಗಸ್ಟಿನ ಕೊನೆಗೆ ಒಂದು ಸಂತೆಯ ದಿನ ಅವಳು ಕೋಳಿ ಮೇವಿನ ಅಂಗಡಿಯ ಮೂಟೆ ತೂಗುವ ತಕ್ಕಡಿ ಹತ್ತಿದಳು. ಮಾರುವಾಗ ಹೆಬ್ಬೆರಳನ್ನು ತಟ್ಟೆಯ ಯಾವ ಅಂಚಿಗೆ ಎಷ್ಟು ಊರಬೇಕೆಂದು ಬಲ್ಲವಳು, ತಾನೇ ಸರಕಾಗಿ ನಿಂತಾಗ ಹೆಬ್ಬೆರಳನ್ನು ಎಲ್ಲಿಡಬೇಕೆಂದು ತಿಳಿಯದೆ ಕಂಗಾಲಾದಳು. ಮುಳ್ಳು ಏಪ್ರಿಲ್ಲಿನಲ್ಲಿ ತೂಗಿಸಿಕೊಂಡಿದ್ದಕ್ಕಿಂತ ಒಂದಿಷ್ಟು ಮುಂದೆಯೇ ಹೋಗಿ ನಿಂತಿತು. ಮನೆಗೆ ಬಂದು ಕುಪ್ಪಸ ತೊಟ್ಟಳು. ಪಾಂತೆಲಿಯ ಗೇಣು ಸಾಲಲಿಲ್ಲ.

ಅಂದು ಅವಳಿಗೆ ಹೆದರಿಕೆ ಹುಟ್ಟಿತು. ಕಣ್ಣು ಮುಚ್ಚಿದರೆ ಬಾಗಿಲಲ್ಲಿ ನಿಂತ ಸಾಫ್ತಾ, ಸೊಂಟದ ಮೇಲೆ ಕೈ, ತುಟಿಯ ತುದಿಯಲ್ಲಿ ನಗು. ಮಾರನೆಯ ದಿನದಿಂದ ದೊಮ್ನಿಕಾ ನಿಜವಾಗಿ ಬಾಯಿ ಕಟ್ಟಿದಳು. ಮೊಸರು, ಹುರುಳಿಕಾಯಿ, ಸೇಬು. ಮಧ್ಯೆ ನೀರು. ಹುರುಳಿಕಾಯಿಯ ಮುಖ ಕಂಡರೆ ಸಾಲಗಾರನನ್ನು ಕಂಡ ಹಾಗೆ ಮುಖ ತಿರುಗಿಸುತ್ತಿದ್ದಳು, ಆದರೂ ತಿನ್ನುತ್ತಿದ್ದಳು.

ಆಗ ಬಂತು ಪಕ್ಕದ ಮನೆ ತುದೋರನ ನಲವತ್ತರ ಊಟ. ವಿಧವೆ ಅನೀಕಾ ತಟ್ಟೆ ತುಂಬಿ, ಮೊಂಬತ್ತಿ ಸಿಕ್ಕಿಸಿ, "ನನ್ನ ತುದೋರನ ಹೆಸರಲ್ಲಿ" ಎಂದು ಮುಂದಿಟ್ಟಳು. ದೊಮ್ನಿಕಾ ಬ್ರೆಡ್ಡಿನ ಚೂರೊಂದನ್ನು ತೆಗೆದುಕೊಂಡು, "ದೇವರು ಅವನನ್ನ ಕ್ಷಮಿಸಲಿ" ಎಂದು ತಟ್ಟೆ ಪಡೆದವರು ಹೇಳಬೇಕಾದ ಮಾತು ಹೇಳಿ ಉಳಿದುದನ್ನು ಹಿಂದಕ್ಕೆ ತಳ್ಳಿದಳು. ಸುತ್ತ ಕೂತವರ ಚಮಚಗಳು ನಿಂತವು. ಅನೀಕಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮಾತಾಡಿದ್ದು ಮಾರನೆಯ ಬೆಳಿಗ್ಗೆ, ಬೇಲಿಯ ಮೇಲಿಂದ.

"ರಾತ್ರಿ ಕನಸಲ್ಲಿ ಬಂದಿದ್ದ ಕಣಮ್ಮ ನನ್ನ ಗಂಡ. ಕೈಯಲ್ಲಿ ಒಣ ಬ್ರೆಡ್ಡು. 'ಎಲ್ಲರಿಗೂ ಎಲೆಕೋಸಿನ ಸುರುಳಿ ಬಂತು, ನನಗೇ ಇಷ್ಟೇ ಯಾಕೆ' ಅಂದ. ನಾನೇನು ಹೇಳ್ಲಿ? ಪೋಸ್ಟಿನವಳು ದಾರೀಲೇ ವಾಪಸ್ ಕಳಿಸಿದ್ಲು ಅಂತ ಹೇಳ್ಲಾ?"

ಪೋಸ್ಟಿನ ಮಾತು ಊರೆಲ್ಲ ತಿರುಗಿ ಬೇಲಿಯ ಆ ಕಡೆಗೂ ತಲುಪಿತ್ತು. ತನ್ನ ತಕ್ಕಡಿಯಲ್ಲೇ ತನ್ನನ್ನು ತೂಗಿದರೆ ವ್ಯಾಪಾರಸ್ಥರಿಗೆ ಬಾಯಿ ಬರುವುದಿಲ್ಲ. ದೊಮ್ನಿಕಾ ಚಪ್ಪಲಿ ಮೆಟ್ಟಿಕೊಂಡು ಅನೀಕಾಳ ಅಡುಗೆಮನೆಗೆ ಹೋಗಿ ಕೂತಳು. ಅನೀಕಾ ಹಿಂದಿನ ದಿನದ ಮಡಕೆಯನ್ನೇ ಮುಂದಿಟ್ಟು, ಗಲ್ಲಕ್ಕೆ ಕೈಕೊಟ್ಟು ಎದುರು ಕೂತಳು.

"ತುದೋರನಿಗೆ ಹಸಿವು ಜಾಸ್ತಿ" ಎಂದಳು.

"ಗೊತ್ತು" ಎಂದಳು ದೊಮ್ನಿಕಾ, ಬಾಯಿ ತುಂಬಿಕೊಂಡು.

"ಸಾರಾಯಿನೂ ಬೇಕಿತ್ತು ಅವನಿಗೆ."

"ಅದೂ ಗೊತ್ತು. ಹಾಕು."

ಆ ಒಂದು ದಿನ ಬಿಟ್ಟರೆ ಅವಳು ಮತ್ತೆ ಎಡವಲಿಲ್ಲ. ಸತ್ತವರ ಮನೆಗಳಿಗೆ ಪಾಂತೆಲಿಯನ್ನು ಕಳಿಸಿದಳು. ಎಷ್ಟು ತಿಂದರೂ ಮೈಗೆ ಹತ್ತದ ಆ ಕಡ್ಡಿ ಮನುಷ್ಯ ಸಂತೋಷದಿಂದ ಹೋಗಿ, ಮೀಸೆ ಒರೆಸಿಕೊಳ್ಳುತ್ತಾ ಬಂದು, ಏನೇನಿತ್ತು ಎಂದು ಹೆಂಡತಿಗೆ ಬಿಡಿಸಿ ಹೇಳುತ್ತಿದ್ದ. ಅವಳು ಹುರುಳಿಕಾಯಿ ಅಗಿಯುತ್ತಾ, "ಕೆನೆ ಇತ್ತಾ? ಮೇಲಿಂದ ಹಾಕಿದ್ರಾ, ಪಕ್ಕಕ್ಕೆ ಇಟ್ಟಿದ್ರಾ?" ಎಂದು ವಿಚಾರಿಸುತ್ತಿದ್ದಳು.

ಪೊಮಾನಾದ ಹಿಂದಿನ ಮಧ್ಯಾಹ್ನ ಹಿತ್ತಲಲ್ಲಿ ಮೂರು ಹಂಡೆ ಒಲೆಯೇರಿದ್ದವು. ದೊಮ್ನಿಕಾ ಒಳಗೆ ಕಿಟಕಿಯ ಪಕ್ಕ ನಿಂತು, ಉಸಿರು ಬಿಗಿಹಿಡಿದು ಕುಪ್ಪಸ ತೊಟ್ಟಳು. ಕೊಕ್ಕೆಗಳು ಹತ್ತಿರ ಬಂದಿದ್ದವು. ಮಾತಾಡಿಸುವಷ್ಟು ಹತ್ತಿರ, ಕೈಹಿಡಿಯುವಷ್ಟಲ್ಲ. ನಾಲ್ಕು ಬೆರಳು ಉಳಿದಿತ್ತು.

ಅವಳು ಪೆಟ್ಟಿಗೆಯ ಮೇಲೆ ಕುಸಿದಳು. "ಗೆದ್ದಳು ಮುದುಕಿ" ಎಂದಳು. "ಎರಡು ತಿಂಗಳು ಹುಲ್ಲು ತಿಂದೆ. ಆದ್ರೂ ಗೆದ್ದಳು."

"ಮೇಲೆ ಶಾಲು ಹೊದ್ರೆ ಕಾಣಲ್ಲ ಅತ್ತೆ" ಎಂದಳು ಮಿರೆಲಾ.

"ಊರಿಗೆ ಕಾಣಲ್ಲ. ಅವಳಿಗೆ ಕಾಣುತ್ತೆ."

"ಪಕ್ಕ ಬಿಚ್ಚಿ ಕಪ್ಪು ಪಟ್ಟಿ ಸೇರಿಸ್ಲಾ?"

ಪಟ್ಟಿ ಸೇರಿಸುವುದೆಂದರೆ ಸೋಲಿಗೆ ಅಂಚು ಕಟ್ಟಿದ ಹಾಗೆ. ಆದರೂ ದೊಮ್ನಿಕಾ ಕಳಚಿ ಕೊಟ್ಟಳು. ಮಿರೆಲಾ ಕತ್ತರಿ ತುದಿಯಿಂದ ಬಲಪಕ್ಕದ ಅಸ್ತರನ್ನು ಬಿಚ್ಚಿದಳು. ಬಿಚ್ಚಿದವಳು ಒಳಗೆ ಬೆರಳು ತೂರಿಸಿ ನೋಡಿದಳು. ಎಡಪಕ್ಕವನ್ನೂ ಬಿಚ್ಚಿದಳು.

"ಅತ್ತೆ, ಇಲ್ಲಿ ನೋಡಿ."

ಎರಡೂ ಪಕ್ಕ, ಅಸ್ತರಿನ ಒಳಗೆ, ಬಟ್ಟೆಯನ್ನು ಒಳಮಡಿಸಿ ಸಣ್ಣ ಸಣ್ಣ ಹೊಲಿಗೆ ಹಾಕಿ ಅಡಗಿಸಿಟ್ಟಿತ್ತು. ಬೆಳಕು ಕಾಣದ ಕಪ್ಪು, ನಿನ್ನೆ ಬಣ್ಣ ಹಾಕಿದ ಹಾಗಿತ್ತು. ಮಡಿಕೆಯ ಮೇಲೂ ಕಸೂತಿ ಮುಂದುವರಿದಿತ್ತು. ಮಿರೆಲಾ ಎರಡನ್ನೂ ಬಿಡಿಸಿ ಹರಡಿದಳು. ಅಷ್ಟರಲ್ಲಿ ಒಳಗೆ ಬಂದ ಪಾಂತೆಲಿ ಅಭ್ಯಾಸಬಲದಿಂದ ಕೈಯಿಟ್ಟು ಅಳೆದ. ಎರಡೂ ಸೇರಿ ಸರಿಯಾಗಿ ಒಂದು ಗೇಣು.

"ನಮ್ಮಮ್ಮ ಅಳತೇಲಿ ಯಾವತ್ತೂ ತಪ್ಪಿದವಳಲ್ಲ" ಎಂದ.

ದೊಮ್ನಿಕಾ ಆ ಹೊಸ ಕಪ್ಪನ್ನು ಸವರಿದಳು. ಏಪ್ರಿಲ್ಲಿನಲ್ಲೇ ಈ ಹೊಲಿಗೆ ಬಿಚ್ಚಿದ್ದರೆ ಕುಪ್ಪಸ ಆಗುತ್ತಿತ್ತು. ಒಂದೇ ಒಂದು ಹುರುಳಿಕಾಯಿ ತಿನ್ನಬೇಕಿರಲಿಲ್ಲ. ಸೊಸೆಯನ್ನು ಚುಚ್ಚುವುದಕ್ಕೆ ನಾಲಗೆ, ಕಾಯುವುದಕ್ಕೆ ಸೂಜಿ. ಎರಡನ್ನೂ ಒಂದೇ ದಿನ ಬಳಸಿ, ಒಂದನ್ನು ಮಾತ್ರ ಬಾಯಿಬಿಟ್ಟು ಹೇಳಿ ಹೋಗಿದ್ದಳು ಸಾಫ್ತಾ. ಎದುರಿಗೆ ಸಿಕ್ಕಿದ್ದರೆ ಜಗಳ ತೆಗೆಯಬಹುದಿತ್ತು, ಕೈ ಹಿಡಿದುಕೊಳ್ಳಲೂಬಹುದಿತ್ತು. ಯಾವುದು ಮೊದಲು ಎಂದು ದೊಮ್ನಿಕಾಳಿಗೇ ಗೊತ್ತಾಗಲಿಲ್ಲ.

"ಹೊಲಿ" ಎಂದಳು ಮಿರೆಲಾಳಿಗೆ. "ಪಟ್ಟಿ ಬೇಡ. ಅವಳು ಇಟ್ಟಷ್ಟನ್ನೂ ಬಿಡು."

ಶನಿವಾರ ಅವಳು ಇಗರ್ಜಿಯಲ್ಲಿ ಎಲ್ಲ ಕೊಕ್ಕೆ ಹಾಕಿಕೊಂಡು ನಿಂತಳು. ಶಾಲು ಹೊದೆಯಲಿಲ್ಲ. ನೆಟ್ಟಗೆ, ಅತ್ತಿತ್ತ ತಿರುಗಿ, ಎರಡೂ ಪಕ್ಕ ಕಾಣುವ ಹಾಗೆ. ಆಮೇಲೆ ಅಂಗಳದಲ್ಲಿ ಸಾಲು ಮೇಜು ಹಾಕಿ ಊರು ಉಂಡಿತು. ಅನೀಕಾ ಒಬ್ಬಳೇ ಮೂರು ತಟ್ಟೆ ಖಾಲಿ ಮಾಡಿ, "ನಿನಗೇ ಮುಟ್ಟಲಿ ಅಂತ ಕಷ್ಟಪಟ್ಟು ತಿಂತಿದೀನಿ ಕಣೇ" ಎಂದಳು.

"ಹುಷಾರು" ಎಂದ ಪಾಂತೆಲಿ ಹೆಂಡತಿಯ ಕಿವಿಯಲ್ಲಿ. "ಊರೆಲ್ಲ ನಿನ್ನ ಹೆಸರಲ್ಲಿ ತಿಂತಿದೆ. ಸಂಜೆ ಹೊತ್ತಿಗೆ ಕೊಕ್ಕೆ ಹಾರುತ್ತೆ."

ಹಾರುವ ಭಯವಿರಲಿಲ್ಲ. ಒಂದು ಗೇಣು ಅಗಲ ಬಿಟ್ಟ ಕುಪ್ಪಸ ತುಂಬುವುದಕ್ಕೆ ಎರಡು ತಿಂಗಳಲ್ಲಿ ಅಷ್ಟು ಇಳಿದ ದೊಮ್ನಿಕಾ ಸಾಲದಾಗಿದ್ದಳು. ಎದೆಯ ಬಳಿ ಉಣ್ಣೆ ಖಾಲಿ ಚೀಲದಂತೆ ತೂಗಾಡುತ್ತಿತ್ತು. ಹೆಣ್ಣುಮಕ್ಕಳ ಸಾಲಿನಿಂದ ಯಾರೋ, "ಯಾರ ಕುಪ್ಪಸ ಇಸ್ಕೊಂಡಿದೀಯಾ, ದೊಗಲೆ ಅಲ್ವಾ" ಎಂದರು. ಅದು ಅವಳಿಗೆ ನಾಟಿತು. ಹಂಡೆಯ ಬಳಿ ಹೋಗಿ ತಟ್ಟೆ ತೆಗೆದುಕೊಂಡು, ಸುರುಳಿಯ ಮೇಲೆ ಸುರುಳಿ ಪೇರಿಸಿದಳು. ಪ್ರತಿ ವರ್ಷ ಪಿತೃಗಳ ಶನಿವಾರ ಅತ್ತೆಯ ಹೆಸರಲ್ಲಿ ಅವಳು ಕೊಡುತ್ತಿದ್ದುದು ಒಂದು ಸೇಬು, ಅದೂ ಬಿದ್ದು ಜಜ್ಜಿದ್ದು. ಈ ತಟ್ಟೆಗೆ ಕೆನೆಯನ್ನು ಮೇಲಿಂದಲೂ ಸುರಿದು ಪಕ್ಕಕ್ಕೂ ಇಟ್ಟಳು. ಮೊಂಬತ್ತಿ ಸಿಕ್ಕಿಸಿ ಗಂಡನ ಕೈಗೆ ಕೊಟ್ಟಳು.

"ಹೇಳು."

"ಏನು ಹೇಳ್ಲಿ?"

"ನಿಮ್ಮಮ್ಮನ ಹೆಸರಲ್ಲಿ ಅಂತ ಹೇಳಿ ನನಗೆ ಕೊಡು. ಬೇರೆಯವರನ್ನ ನಂಬಲ್ಲ ನಾನು, ದಾರೀಲಿ ಸೋರಿಸ್ತಾರೆ."

"ನನ್ನಮ್ಮ ಸಾಫ್ತಾಳ ಹೆಸರಲ್ಲಿ" ಎಂದ ಪಾಂತೆಲಿ.

"ದೇವರು ಅವಳನ್ನ ಕ್ಷಮಿಸಲಿ" ಎಂದು ದೊಮ್ನಿಕಾ ಕೂತಳು. ಮಿರೆಲಾ ದೂರದಿಂದ ನೋಡುತ್ತಿದ್ದಳು, ತಡೆಯಲು ಬರಲಿಲ್ಲ. ಎರಡನೇ ತಟ್ಟೆಯನ್ನೂ ಅದೇ ಹೆಸರಲ್ಲಿ ಕೊಡಿಸಿಕೊಂಡಾಗ ಮಾತ್ರ ಪಾಂತೆಲಿಗೆ ತಡೆಯಲಾಗಲಿಲ್ಲ.

"ಅಮ್ಮ ಇದ್ದಾಗ ಗುಬ್ಬಿ ಹಾಗೆ ತಿಂತಿದ್ಲು ಕಣೇ. ಇಷ್ಟೊಂದು ಯಾಕೆ ಕಳಿಸ್ತೀಯ?"

ದೊಮ್ನಿಕಾ ಕೆನೆಯಲ್ಲಿ ಅದ್ದಿದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದಳು.

"ಮುಟ್ಟಲಿ" ಎಂದಳು. "ನಾನು ಹೋಗೋ ಹೊತ್ತಿಗೆ ಅವಳ ಕುಪ್ಪಸದ ಕೊಕ್ಕೇನೂ ಹಾಕೋಕೆ ಬರಬಾರದು."