ಗೆರೆಯಿಲ್ಲದ ಅಂಗೈ

ಹಂಚಿನ ಮೇಲೆ ಎರಡನೆಯ ರೊಟ್ಟಿ ಹಾಕಿ ನೀರು ಸವರುತ್ತಿದ್ದೆ. ಯಜಮಾನರು ಹೊಸ್ತಿಲಲ್ಲೇ ನಿಂತು, "ಕರದಂಟಿನ ಕಾಕಾ ಹೋದ್ರಂತ. ಕುಂತಲ್ಲೇ ಜೀವ ಹೋಗೇತಿ," ಎಂದರು.

ನನ್ನ ಕಣ್ಣ ಮುಂದೆ ಮೊದಲು ಬಂದದ್ದು ಅವರ ಅಂಗೈ. ಅದರಲ್ಲಿ ಒಂದೂ ಗೆರೆ ಇರಲಿಲ್ಲ. ವರ್ಷಾನುಗಟ್ಟಲೆ ಬಿಸಿ ಬೆಲ್ಲದ ಪಾಕ ಮುಟ್ಟಿ ಮುಟ್ಟಿ, ತಿಕ್ಕಿಟ್ಟ ಹಿತ್ತಾಳೆ ತಟ್ಟೆಯ ಹಾಗೆ ನುಣ್ಣಗಾಗಿತ್ತು. "ಕೈ ನೋಡಿ ಭವಿಷ್ಯ ಹೇಳಾಂವ ನನ್ನ ರೊಕ್ಕ ತಿರುಗಿ ಕೊಟ್ಟಾನ ಯವ್ವಾ," ಎಂದು ನಗುತ್ತಿದ್ದರು.

ಗೋಕಾಕದಲ್ಲಿ ನಮ್ಮ ಮನೆಯ ಗೋಡೆಗೆ ಹತ್ತಿಕೊಂಡೇ ಅವರ ಕರದಂಟಿನ ಅಂಗಡಿ. ಹೆಂಡತಿ ಮಕ್ಕಳಿರಲಿಲ್ಲ. ಇದ್ದ ಒಬ್ಬ ಅಣ್ಣ ಗೌಂಡಿ ಕೆಲಸಕ್ಕೆಂದು ಕಡಲಾಚೆ ಹೋಗಿ ಅಲ್ಲೇ ತೀರಿಕೊಂಡ, ಅಲ್ಲೇ ಹೂಳಿದರು. ಹಣೆಗೆ ವಿಭೂತಿ ಹಚ್ಚುವವರೂ ಇರಲಿಲ್ಲವಂತೆ. ಒಮ್ಮೆ ಹೋಗಿ ಆ ಮಣ್ಣಿನ ಮೇಲೆ ವಿಭೂತಿ ಇಟ್ಟು ಬರಬೇಕೆಂಬುದೊಂದೇ ಕಾಕಾನ ಆಸೆ. ಆದರೆ ಆ ದೇಶದವರು ಈಗ ಕೂಲಿಯವರನ್ನು ಒಳಗೆ ಬಿಡುವುದಿಲ್ಲ. ವ್ಯಾಪಾರಿ ಎಂದು ಸಾಬೀತಾದರೆ ಮಾತ್ರ ವೀಸಾ. ವಿಚಾರಿಸಲು ವೀಸಾ ಕಚೇರಿಯ ಒಬ್ಬ ಸಾಹೇಬ ಅಂಗಡಿಗೇ ಬರುವವನಿದ್ದ.

ಓಣಿಯವರೆಲ್ಲ ಕೂಡಿ ಕಾಕಾಗೆ ಕಲಿಸಿದೆವು. ಬಿಳಿ ಅಂಗಿ ತೊಟ್ಟು ಗಾದಿಯ ಮೇಲೆ ಕೂಡಬೇಕು. ಅಂಗೈ ತೋರಿಸಬಾರದು. ಸೌಟು ಮುಟ್ಟಲೇಬಾರದು. ಕಡಾಯಿಯ ಮುಂದೆ ಆಳಿನ ಹಾಗೆ ನಮ್ಮ ಯಜಮಾನರನ್ನೇ ನಿಲ್ಲಿಸಿದೆವು.

ಹತ್ತರಗಿ ಹೈವೇ ಕಡೆಯಿಂದ ಕಾರು ಬಂತು. ಎಲ್ಲ ಸುಸೂತ್ರ ನಡೆದಿತ್ತು. ಅಷ್ಟರಲ್ಲಿ ಪಾಕ ಸೀಯುವ ವಾಸನೆ. ಕಾಕಾ ಎದ್ದೇಬಿಟ್ಟರು.

"ಸರಿಯೋ ಅತ್ಲಾಗ! ಕೂತು ಉಣ್ಣೂದೊಂದ ಗೊತ್ತ ನಿನಗ," ಎಂದು ಯಜಮಾನರ ಕೈಯಿಂದ ಸೌಟು ಕಸಿದುಕೊಂಡರು.

ಸಾಹೇಬ ಆ ಅಂಗೈಯನ್ನೇ ನೋಡಿದ. "ಹಾಗಾದರೆ ನೀವು ಕೆಲಸಗಾರರಾ?"

"ಕಾಯಕ ಮಾಡಾಂವ ರಿ. ಕೈ ಹಚ್ಚಲಾರದ ಉಂಡ್ರ ಬಸವಣ್ಣಗ ಏನ್ ಹೇಳ್ಲಿ?"

ಆತ ನನ್ನ ಕಡೆ ತಿರುಗಿದ. "ಮಾಡಾವ್ರೂ ಅವರ, ಮಾರಾವ್ರೂ ಅವರ ರಿ," ಎಂದೆ. ಇದ್ದದ್ದನ್ನೇ ಹೇಳಿದೆ. ವೀಸಾ ಬರಲಿಲ್ಲ.

ಮುಂದೆ ಶ್ರಾವಣ ಸೋಮವಾರ ನಸುಕಿನಲ್ಲಿ ಗುಡಿಗೆ ಹೊರಟಿದ್ದೆ. ಕೀಲಿ ಹಾಕಿದ ಅಂಗಡಿಯ ಮುಂದೆ ಕಾಕಾ ಕಿವಿಗೊಟ್ಟು ನಿಂತಿದ್ದರು. ಒಳಗೆ ಕಡಾಯಿಗೆ ಸೌಟು ಉಜ್ಜುವ ಸಪ್ಪಳ.

"ಯಾರದಾರ ಕಾಕಾ ಒಳಗ?"

"ನಮ್ಮಣ್ಣ. ನನಗ ಸೌಟು ಹಿಡಿಯಾಕ ಕಲಿಸಿದ ಕೈ, ಸಪ್ಪಳಾ ಗೊತ್ತಾಗೂದಿಲ್ಲೇನು?" ಆಮೇಲೆ ಮೆಲ್ಲಗೆ, "ಅವಗ ಯಾರೂ ಕಾಗದ ಕೇಳಲಿಲ್ಲ ನೋಡು. ಬಂದಬಿಟ್ಟಾನ," ಎಂದರು.

ಕೀಲಿ ತೆಗೆದು ಶಟರ್ ಎತ್ತಿದರು. ಸಪ್ಪಳ ನಿಂತಿತು. ಒಳಗೆ ಯಾರೂ ಇಲ್ಲ. ಒಲೆಯ ಬೂದಿ ತಣ್ಣಗಿತ್ತು, ಕಡಾಯಿ ಮುಟ್ಟಿದರೆ ಬಿಸಿ. ನಾನು ಶಿವಶಿವಾ ಎಂದೆ. ಕಾಕಾನ ಮುಖ ಮಾತ್ರ ಮನೆಗೆ ಬೀಗರು ಬಂದವರ ಹಾಗೆ ಅರಳಿತ್ತು. ಅಂದಿನಿಂದ ದಿನಾ ಮೊದಲ ತುಂಡು ಕಡಾಯಿಯ ಬಾಜೂ ಇಡುತ್ತಿದ್ದರು.

ಇವತ್ತು ಹೋಗಿ ಕಾಕಾನ ಕೊನೆಯ ದರ್ಶನ ಮಾಡಿಕೊಂಡು ಬಂದೆ. ಅವರ ಮನೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ, ತೋಳಿಗೆ, ಆ ನುಣ್ಣನೆಯ ಅಂಗೈಗೂ ವಿಭೂತಿ ಹಚ್ಚಿದ್ದರು. ಅಣ್ಣನಿಗೆ ಸಿಗದ್ದು ತಮ್ಮನಿಗಾದರೂ ಸಿಕ್ಕಿತು, ಅಷ್ಟು ಸಾಕು. ಅಂಗಡಿಗೆ ಕೀಲಿ ಹಾಕಿತ್ತು, ನಾನೇ ಎಳೆದು ನೋಡಿದೆ.

ಮೈ ತೊಳೆದುಕೊಂಡು, ಉಳಿದ ಹಿಟ್ಟು ನಾದಲು ಕೂತೆ. ಗೋಡೆಯ ಆಚೆ ಸಪ್ಪಳ ಶುರುವಾಯಿತು. ಎರಡು ಸೌಟು. ಒಂದು ನಿಂತರೆ ಇನ್ನೊಂದು ಹಿಡಿದುಕೊಳ್ಳುತ್ತಿತ್ತು.

ಯಜಮಾನರು ಬೆವರುತ್ತ, "ಕೇಳಾಕತ್ತೇತೇನ ನಿನಗ?" ಎಂದರು.

"ಹೂಂ. ಅಣ್ಣಾ ತಮ್ಮಾ ಕೂಡ್ಯಾರ ಬಿಡ್ರಿ," ಎಂದೆ. ಹಂಚು ಮತ್ತೆ ಕಾಯಲಿಟ್ಟು ಮೂರನೆಯ ರೊಟ್ಟಿ ಬಡಿಯತೊಡಗಿದೆ.